ಹದಿನಾರರ ಹುಡುಗನಿಗೆ ಬೆಡ್ ಇದ್ಯಾ? ಟೀನೇಜ್ ಚಟದ ಬಗ್ಗೆ ಸಂಶೋಧನೆ ಏನ್ ಹೇಳತ್ತೆ, ಚಿಕಿತ್ಸೆ ಯಾಕ್ ಸಿಗಲ್ಲ

2022ರ ಕೊನೆಯಲ್ಲಿ ಅಮೆರಿಕದ ಒಂದಷ್ಟು ಸಂಶೋಧಕರು ಫೋನ್ ಹಿಡ್ಕೊಂಡು ಕೂತ್ರು. ಒರೆಗಾನ್ ಹೆಲ್ತ್ ಅಂಡ್ ಸೈನ್ಸ್ ಯೂನಿವರ್ಸಿಟಿಯ ತಂಡ ಅದು. ಹದಿಹರೆಯದವರನ್ನ ಅಡ್ಮಿಟ್ ಮಾಡ್ಕೊಂಡು ಚಟ ಬಿಡಿಸ್ತೀವಿ ಅನ್ನೋ ಸೆಂಟರ್‌ಗಳ ಲಿಸ್ಟ್ ಮಾಡ್ಕೊಂಡು ಒಂದೊಂದಕ್ಕೇ ಕಾಲ್ ಮಾಡಿದ್ರು, ತಾವು ಸಂಶೋಧಕರು ಅಂತ ಹೇಳ್ಲಿಲ್ಲ, 16 ವರ್ಷದ ಮಗುವಿನ ಚಿಕ್ಕಮ್ಮನೋ ಚಿಕ್ಕಪ್ಪನೋ ಅಂತ ಹೇಳ್ಕೊಂಡ್ರು, ಮಗು ಮೊನ್ನೆ ಮೊನ್ನೆ ಫೆಂಟನಿಲ್ ಅನ್ನೋ ಪ್ರಬಲ ಡ್ರಗ್‌ನ ಓವರ್‌ಡೋಸ್ ಆಗಿ ಬದುಕಿ ಬಂದಿದೆ, ಬೆಡ್ ಇದ್ಯಾ, ಎಷ್ಟು ಖರ್ಚಾಗತ್ತೆ, ಯಾವ ಔಷಧಿ ಕೊಡ್ತೀರಾ ಅಂತ ಕೇಳಿದ್ರು.

ಇಡೀ ದೇಶದಲ್ಲಿ ಅಂಥ ಸೆಂಟರ್ ಸಿಕ್ಕಿದ್ದು 160. ಹತ್ತು ರಾಜ್ಯಗಳಲ್ಲಿ ಮತ್ತೆ ರಾಜಧಾನಿ ವಾಷಿಂಗ್ಟನ್‌ನಲ್ಲಿ ಒಂದೂ ಸಿಗಲಿಲ್ಲ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕಡೆ ಮಾತ್ರ ತಕ್ಷಣ ಬೆಡ್ ಇತ್ತು, ವೇಟಿಂಗ್ ಲಿಸ್ಟ್ ಇದ್ದ ಕಡೆ ಸರಾಸರಿ 28 ದಿನ ಕಾಯಬೇಕಿತ್ತು. ಖರ್ಚು ದಿನಕ್ಕೆ ಸರಾಸರಿ 878 ಡಾಲರ್. ಇನ್ಶೂರೆನ್ಸ್ ಇಲ್ಲದೆ ಕೈಯಿಂದ ದುಡ್ಡು ಕಟ್ಟೋರಿಗೆ ಅರ್ಧದಷ್ಟು ಸೆಂಟರ್‌ಗಳು ಮುಂಗಡ ಕಟ್ಟಿ ಅಂದ್ವು, ಅದರ ಸರಾಸರಿ 28,731 ಡಾಲರ್. ಎಲ್ಲಕ್ಕಿಂತ ಕಣ್ಣಿಗೆ ಚುಚ್ಚೋದು ಏನಂದ್ರೆ, ಈ ಥರದ ಚಟಕ್ಕೆ ಚೆನ್ನಾಗಿ ಕೆಲಸ ಮಾಡತ್ತೆ ಅಂತ ಗೊತ್ತಿರೋ ಬುಪ್ರೆನಾರ್ಫಿನ್ ಅನ್ನೋ ಔಷಧಿ ಕೊಡ್ತಿದ್ದದ್ದು 160ರಲ್ಲಿ 39 ಕಡೆ ಮಾತ್ರ.

ಅಂದ್ರೆ ಏನ್ ಮಾಡಿದ್ರೆ ಉಪಯೋಗ ಆಗತ್ತೆ ಅಂತ ಸಂಶೋಧನೆಗೆ ಗೊತ್ತಿದೆ, ಆದ್ರೆ ಫೋನ್ ಮಾಡಿದ ಮನೆಯವರಿಗೆ ಅದು ಸಿಗ್ತಿಲ್ಲ. ಇದು ಹೆಂಗಾಯ್ತು ಅನ್ನೋದನ್ನ ಬುಡದಿಂದ ನೋಡೋಣ.

ಮೊದಲು ಪದಗಳು: ಬಳಕೆ ಬೇರೆ, ಚಟ ಬೇರೆ

ಒಂದ್ ಸಲ ಫ್ರೆಂಡ್ಸ್ ಜೊತೆ ಸಿಗರೇಟ್ ಎಳೆದ ಹುಡುಗ ಅಡಿಕ್ಟ್ ಅಲ್ಲ. ಹಂಗಂತ "ಒಂದೇ ಸಲ ತಾನೇ" ಅಂತ ಬಿಡೋಕೂ ಆಗಲ್ಲ, ಯಾಕೆ ಅಂತ ಮುಂದೆ ಬರತ್ತೆ. ಡಾಕ್ಟರ್‌ಗಳು ಈಗ ಅಡಿಕ್ಟ್ ಅನ್ನೋ ಪದಾನೇ ಆದಷ್ಟು ಬಿಟ್ಟಿದ್ದಾರೆ, ಬಳಕೆಯ ಕಾಯಿಲೆ ಅನ್ನೋ ಅರ್ಥದಲ್ಲಿ "ಸಬ್‌ಸ್ಟನ್ಸ್ ಯೂಸ್ ಡಿಸಾರ್ಡರ್" ಅಂತಾರೆ. 2013ರಲ್ಲಿ ಬಂದ ಡಿಎಸ್‌ಎಂ-5 ಅನ್ನೋ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ 11 ಲಕ್ಷಣ ಕೊಟ್ಟಿದ್ದಾರೆ: ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ತಗೊಳ್ಳೋದು, ಬಿಡ್ಬೇಕು ಅಂದ್ರೂ ಬಿಡೋಕಾಗದೇ ಇರೋದು, ತಡೆಯಕ್ಕಾಗದ ತೆವಲು, ಓದು ಕೆಲಸ ಹಾಳಾಗ್ತಿದ್ರೂ ನಿಲ್ಲಿಸದೇ ಇರೋದು, ಮೊದಲಿನಷ್ಟೇ ಅಮಲಿಗೆ ಈಗ ಹೆಚ್ಚು ಬೇಕಾಗೋದು, ಹಿಂಗೆ. ಒಂದು ವರ್ಷದ ಒಳಗೆ ಇವುಗಳಲ್ಲಿ ಎರಡು ಮೂರು ಕಂಡ್ರೆ ಸೌಮ್ಯ, ನಾಲ್ಕೈದು ಇದ್ರೆ ಮಧ್ಯಮ, ಆರು ಅಥವಾ ಅದಕ್ಕಿಂತ ಹೆಚ್ಚಿದ್ರೆ ತೀವ್ರ.

ನೋಡಿ, ಇದು ಸ್ವಿಚ್ ಥರ ಆನ್ ಅಥವಾ ಆಫ್ ಅಲ್ಲ, ಜ್ವರದ ಥರ ಡಿಗ್ರಿ ಇದೆ. ನೂರಕ್ಕೆ ಬಂದಾಗಲೇ ನೋಡ್ಕೊಂಡ್ರೆ ನೂರಾನಾಲ್ಕಕ್ಕೆ ಹೋಗೋದು ತಪ್ಪಬಹುದು. ಅದಕ್ಕೇ ಹದಿಹರೆಯದವರನ್ನ ಬೇಗ ಗುರುತಿಸೋಕೆ ಚಿಕ್ಕ ಚಿಕ್ಕ ಪ್ರಶ್ನಾವಳಿಗಳಿವೆ. ಬಾಸ್ಟನ್ ಮಕ್ಕಳ ಆಸ್ಪತ್ರೆಯಲ್ಲಿ ತಯಾರಾದ ಕ್ರಾಫ್ಟ್ ಅನ್ನೋದು ಅದರಲ್ಲಿ ಫೇಮಸ್, ಆರೇ ಪ್ರಶ್ನೆ: ಅಮಲಿನಲ್ಲಿರೋರು ಓಡಿಸೋ ಗಾಡಿ ಹತ್ತಿದ್ಯಾ, ರಿಲ್ಯಾಕ್ಸ್ ಆಗೋಕೆ ತಗೋತೀಯಾ, ಒಬ್ನೇ ಇರುವಾಗ ತಗೋತೀಯಾ, ತಗೊಂಡಾಗ ಏನ್ ಮಾಡಿದೆ ಅನ್ನೋದು ಮರೆತು ಹೋಗತ್ತಾ, ಮನೆಯವರು ಸ್ನೇಹಿತರು ಕಮ್ಮಿ ಮಾಡು ಅಂದಿದ್ದಾರಾ, ಇದ್ರಿಂದ ತೊಂದರೆಗೆ ಸಿಕ್ಕಿಹಾಕ್ಕೊಂಡಿದ್ದೀಯಾ. ಎರಡು ಅಥವಾ ಹೆಚ್ಚು ಪ್ರಶ್ನೆಗೆ ಹೌದು ಅಂದ್ರೆ ಸರಿಯಾಗಿ ಪರೀಕ್ಷೆ ಮಾಡ್ಬೇಕು ಅಂತ ಅರ್ಥ, ಚಟ ಇದೆ ಅಂತ ತೀರ್ಪು ಕೊಟ್ಟ ಹಾಗಲ್ಲ.

ಆ ವಯಸ್ಸಲ್ಲೇ ಯಾಕೆ?

ಮಿದುಳು ಹಿಂದಿನಿಂದ ಮುಂದಕ್ಕೆ ಬೆಳೀತಾ ಬರತ್ತೆ. ಖುಷಿ, ಆಸೆ, ಥ್ರಿಲ್ ಇವನ್ನೆಲ್ಲ ನೋಡ್ಕೊಳ್ಳೋ ಒಳಗಿನ ಭಾಗಗಳು ಹದಿಹರೆಯದಲ್ಲೇ ಜೋರಾಗಿ ಕೆಲಸ ಶುರು ಮಾಡ್ತವೆ, ಆದ್ರೆ ಹಣೆಯ ಹಿಂದಿರೋ, ಮುಂದಾಲೋಚನೆ ಮಾಡಿ "ಸ್ವಲ್ಪ ತಡಿ" ಅನ್ನೋ ಭಾಗ ಪೂರ್ತಿ ಬಲಿಯೋದು ಸುಮಾರು 25ರ ಹತ್ರ. ಹೊಸ ಮನೆಗೆ ಕರೆಂಟ್ ಫುಲ್ ಬಂದ್ಬಿಟ್ಟಿದೆ, ಫ್ಯೂಸ್ ಕೂರಿಸೋನು ಇನ್ನೂ ಬಂದಿಲ್ಲ ಅಂತ ಅಂದ್ಕೊಳ್ಳಿ.

ಇದ್ರ ಜೊತೆ ಸ್ನೇಹಿತರ ಪ್ರಭಾವ ಬೇರೆ. ಗಾರ್ಡನರ್ ಮತ್ತೆ ಸ್ಟೈನ್‌ಬರ್ಗ್ ಅನ್ನೋ ಮನಶ್ಶಾಸ್ತ್ರಜ್ಞರು 2005ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ, ಬೇರೆ ಬೇರೆ ವಯಸ್ಸಿನವರಿಗೆ ಕಾರ್ ಓಡಿಸೋ ವಿಡಿಯೋ ಗೇಮ್ ಆಡಿಸಿದ್ರು, ಕೆಲವರು ಒಬ್ಬರೇ ಆಡಿದ್ರು, ಇನ್ನು ಕೆಲವರು ಸ್ನೇಹಿತರು ಪಕ್ಕದಲ್ಲಿದ್ದಾಗ ಆಡಿದ್ರು. ದೊಡ್ಡವರಿಗೆ ಹೆಚ್ಚು ಕಮ್ಮಿ ವ್ಯತ್ಯಾಸ ಆಗ್ಲಿಲ್ಲ, 13ರಿಂದ 16ರ ಮಕ್ಕಳು ಮಾತ್ರ ಸ್ನೇಹಿತರು ನೋಡ್ತಿದ್ದಾರೆ ಅಂದ ಕೂಡ್ಲೇ ಸಿಕ್ಕಾಪಟ್ಟೆ ರಿಸ್ಕ್ ತಗೊಂಡ್ರು. ಹುಡುಗ ದಡ್ಡ ಅಂತಲ್ಲ, ಒಬ್ನೇ ಇದ್ದಾಗ ಲೆಕ್ಕ ಸರಿಯಾಗೇ ಹಾಕ್ತಾನೆ.

ಈಗ ಡ್ರಗ್ಸ್ ವಿಷಯಕ್ಕೆ ಬರೋಣ. ನಿಕೋಟಿನ್, ಆಲ್ಕೋಹಾಲ್, ಗಾಂಜಾ, ಓಪಿಯಾಯ್ಡ್ (ಅಫೀಮಿನ ಥರ ನೋವು ತಗ್ಗಿಸೋ, ಅಮಲೇರಿಸೋ ಪದಾರ್ಥಗಳು) ಯಾವುದೇ ಆದ್ರೂ ಒಂದಲ್ಲ ಒಂದು ದಾರಿಯಲ್ಲಿ ಡೋಪಮಿನ್ ಅನ್ನೋ ರಾಸಾಯನಿಕವನ್ನ ಏರಿಸತ್ತೆ. ಡೋಪಮಿನ್ ಅಂದ್ರೆ ಬರೀ ಖುಷಿ ಅಂತ ಎಲ್ಲಾ ಕಡೆ ಬರೀತಾರೆ, ಅದು ಪೂರ್ತಿ ಸರಿ ಅಲ್ಲ, ಅದರ ಮುಖ್ಯ ಕೆಲಸ "ಇದು ಮುಖ್ಯ, ನೆನಪಿಟ್ಕೋ, ಮತ್ತೆ ಮಾಡು" ಅಂತ ಮಾರ್ಕ್ ಮಾಡೋದು. ಹುಲ್ಲಿನ ಮೇಲೆ ಅದೇ ಜಾಗದಲ್ಲಿ ದಿನಾ ಓಡಾಡಿದ್ರೆ ಕಾಲುದಾರಿ ಬೀಳೋ ಥರ ಮಿದುಳಲ್ಲೂ ದಾರಿ ಬೀಳತ್ತೆ. ಎಳೇ ಮಿದುಳು ಕಲಿಯೋಕೆ ಅಂತಲೇ ತಯಾರಾಗಿರೋದು, ಒಂದು ಭಾಷೆ ಎಷ್ಟು ಸಲೀಸಾಗಿ ಕಲಿಯತ್ತೋ ಚಟಾನೂ ಅಷ್ಟೇ ಸಲೀಸಾಗಿ ಕಲಿಯತ್ತೆ.

ಅಮೆರಿಕದ ಒಂದು ಹಳೇ ದೊಡ್ಡ ಸಮೀಕ್ಷೆಯನ್ನ ಗ್ರಾಂಟ್ ಮತ್ತೆ ಡಾಸನ್ ಅನ್ನೋರು 1990ರ ದಶಕದಲ್ಲಿ ವಿಶ್ಲೇಷಣೆ ಮಾಡಿದಾಗ, 15ಕ್ಕಿಂತ ಮುಂಚೆ ಕುಡಿಯೋಕೆ ಶುರು ಮಾಡಿದವರಲ್ಲಿ ಶೇ. 40ಕ್ಕಿಂತ ಹೆಚ್ಚು ಜನ ಜೀವನದಲ್ಲಿ ಯಾವಾಗ್ಲೋ ಮದ್ಯವ್ಯಸನಕ್ಕೆ ಬಿದ್ದಿದ್ರು, 20 ದಾಟಿದ ಮೇಲೆ ಶುರು ಮಾಡಿದವರಲ್ಲಿ ಸುಮಾರು ಶೇ. 10. ಇದನ್ನ ಓದಿದ ತಕ್ಷಣ "ಬೇಗ ಕುಡಿದಿದ್ದಕ್ಕೇ ಹಿಂಗಾಯ್ತು" ಅನ್ಸತ್ತೆ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಯಾಕಂದ್ರೆ ಬೀಜ ಮೊದಲೋ ಮರ ಮೊದಲೋ ಅನ್ನೋ ಪ್ರಶ್ನೆ ಇಲ್ಲೂ ಇದೆ. ಬೇಗ ಶುರು ಮಾಡಿದ ಮಕ್ಕಳ ಮಿದುಳು ಮೊದಲೇ ಬೇರೆ ಥರ ಇದ್ರೆ? ಇದನ್ನ ನೋಡೋಕೆ ಅಂತಲೇ ಅಮೆರಿಕದಲ್ಲಿ ಎಬಿಸಿಡಿ ಅನ್ನೋ ಅಧ್ಯಯನ ಶುರುವಾಗಿದ್ದು, 9-10 ವರ್ಷದ ಸುಮಾರು 11,800 ಮಕ್ಕಳನ್ನ ಸೇರಿಸ್ಕೊಂಡು, ಯಾವ ಡ್ರಗ್ಸೂ ಮುಟ್ಟೋಕೆ ಮುಂಚೆನೇ ಮಿದುಳಿನ ಸ್ಕ್ಯಾನ್ ಮಾಡಿ, ಅವರು ಬೆಳೀತಾ ಹೋದ ಹಾಗೆ ಫಾಲೋ ಮಾಡ್ತಿದ್ದಾರೆ. 2024ರ ಕೊನೆಗೆ ಅದರ 9,804 ಮಕ್ಕಳ ಮಾಹಿತಿ ಇಟ್ಕೊಂಡು ಬಂದ ಪೇಪರ್ ಪ್ರಕಾರ, 15ಕ್ಕಿಂತ ಮುಂಚೆ ಏನಾದ್ರೂ ಬಳಸೋಕೆ ಶುರು ಮಾಡಿದ ಮಕ್ಕಳ ಮಿದುಳಿನ ರಚನೆಯಲ್ಲಿ ಕಂಡ ಎಷ್ಟೋ ವ್ಯತ್ಯಾಸಗಳು ಅವರು ಶುರು ಮಾಡೋಕೆ ಮುಂಚಿನ ಸ್ಕ್ಯಾನ್‌ನಲ್ಲೇ ಇದ್ವು. ಹಂಗಂತ ಡ್ರಗ್ಸ್ ಮಿದುಳಿಗೆ ಏನೂ ಮಾಡಲ್ಲ ಅಂತ ಅಲ್ಲ. ಕೆಲವು ಮಕ್ಕಳಿಗೆ ಇಳಿಜಾರು ಮೊದಲೇ ಇರತ್ತೆ, ಅದರ ಮೇಲೆ ಈ ಪದಾರ್ಥ ಬಂದು ತಳ್ಳತ್ತೆ. ಜೀನ್, ಮನೆಯ ವಾತಾವರಣ, ಖಿನ್ನತೆ, ಆತಂಕ, ಚಿಕ್ಕಂದಿನಲ್ಲಿ ಅನುಭವಿಸಿದ ಹಿಂಸೆ ಎಲ್ಲಾ ಸೇರಿ ಆ ಇಳಿಜಾರು ಆಗೋದು, "ಕೆಟ್ಟ ಸಹವಾಸ" ಒಂದರ ಮೇಲೆ ಹೊರಿಸಿದ್ರೆ ಕಥೆ ಮುಗಿಯಲ್ಲ.

ಬಳಸೋರು ಕಮ್ಮಿ ಆದ್ರು, ಸಾಯೋರು ಜಾಸ್ತಿ ಆದ್ರು

ಇದು ಇಡೀ ವಿಷಯದಲ್ಲಿ ಜನಕ್ಕೆ ಅತಿ ಕಮ್ಮಿ ಗೊತ್ತಿರೋ ಭಾಗ. ಈಗಿನ ಮಕ್ಕಳು ಕೆಟ್ಟೋದ್ರು ಅನ್ನೋದು ಎಲ್ಲರ ಬಾಯಲ್ಲೂ ಇರೋ ಮಾತು, ಅಂಕಿ ಅಂಶ ಬೇರೆನೇ ಹೇಳತ್ತೆ.

ಮಿಷಿಗನ್ ಯೂನಿವರ್ಸಿಟಿಯವರು 1975ರಿಂದ ಪ್ರತಿ ವರ್ಷ "ಮಾನಿಟರಿಂಗ್ ದ ಫ್ಯೂಚರ್" ಅನ್ನೋ ಸಮೀಕ್ಷೆ ಮಾಡ್ತಿದ್ದಾರೆ, ಶಾಲಾ ಮಕ್ಕಳು ಏನೇನ್ ಬಳಸ್ತಾರೆ ಅಂತ. 1997ರಲ್ಲಿ 12ನೇ ಕ್ಲಾಸಿನವರಲ್ಲಿ ಶೇ. 75 ಜನ ಹಿಂದಿನ ಒಂದು ವರ್ಷದಲ್ಲಿ ಕುಡಿದಿದ್ರು, 2024ರಲ್ಲಿ ಅದು ಶೇ. 42. ಮಧ್ಯದಲ್ಲಿ ಒಂದು ಏಟು ಬಿತ್ತು, 2017 ಮತ್ತೆ 2018ರ ಮಧ್ಯೆ ನಿಕೋಟಿನ್ ವೇಪಿಂಗ್ (ಇ-ಸಿಗರೇಟ್ ಸೇದೋದು) ಎಷ್ಟು ಏರ್ತು ಅಂದ್ರೆ ಆ ಸಮೀಕ್ಷೆಯ ಇತಿಹಾಸದಲ್ಲೇ ಒಂದೇ ವರ್ಷದಲ್ಲಿ ಯಾವ ಪದಾರ್ಥವೂ ಅಷ್ಟು ಏರಿರಲಿಲ್ಲ. ಆಮೇಲೆ ಕೋವಿಡ್ ಬಂತು, ಬಳಕೆ ಇಳೀತು, ಸ್ಕೂಲ್ ತೆಗೆದ ಮೇಲೂ ಮೊದಲಿನ ಮಟ್ಟಕ್ಕೆ ಹೋಗಲಿಲ್ಲ.

ಈಗ ಇನ್ನೊಂದ್ ಕಡೆ ನೋಡಿ. ಅದೇ ದೇಶದಲ್ಲಿ 14ರಿಂದ 18ರ ವಯಸ್ಸಿನವರಲ್ಲಿ ಓವರ್‌ಡೋಸ್ ಸಾವು 2019ರಲ್ಲಿ 492, 2020ರಲ್ಲಿ 954. ಒಂದೇ ವರ್ಷದಲ್ಲಿ ಹತ್ರ ಹತ್ರ ಡಬಲ್.

ಬಳಸೋರು ಹೆಚ್ಚಾಗದೆ ಸಾವು ಹೆಂಗೆ ಹೆಚ್ಚಾಯ್ತು? ಪದಾರ್ಥಾನೇ ಬದಲಾಗಿತ್ತು. ಫೆಂಟನಿಲ್ ಅನ್ನೋದು ಆಪರೇಷನ್‌ಗೆ, ತೀವ್ರ ನೋವಿಗೆ ಆಸ್ಪತ್ರೆಯಲ್ಲಿ ಬಳಸೋ ಓಪಿಯಾಯ್ಡ್, ಮಾರ್ಫಿನ್‌ಗಿಂತ ಸುಮಾರು 100 ಪಟ್ಟು ಪ್ರಬಲ. ಎರಡು ಮಿಲಿಗ್ರಾಂ, ಅಂದ್ರೆ ಕೆಲವೇ ಉಪ್ಪಿನ ಹರಳಿನಷ್ಟು, ಜೀವ ತೆಗೆಯಬಹುದು. ಕಳ್ಳ ಮಾರ್ಕೆಟ್‌ನಲ್ಲಿ ಇದನ್ನ ಸೇರಿಸಿ, ನೋಡೋಕೆ ಅಸಲಿ ನೋವಿನ ಮಾತ್ರೆ ಆತಂಕದ ಮಾತ್ರೆ ಥರಾನೇ ಕಾಣೋ ನಕಲಿ ಮಾತ್ರೆ ಒತ್ತುತಾರೆ. ಅಂಥ ಮಾತ್ರೆ ನುಂಗೋ ಹುಡುಗಿ ಫೆಂಟನಿಲ್ ತಗೊಂಡಿದ್ದೀನಿ ಅಂತಲೇ ಅಂದ್ಕೊಂಡಿರಲ್ಲ, ಪರೀಕ್ಷೆ ಟೆನ್ಷನ್‌ಗೆ ಒಂದು ಮಾತ್ರೆ ಅಂದ್ಕೊಂಡಿರ್ತಾಳೆ. ಮೊದಲು ಹೇಳಿದ್ನಲ್ಲ, "ಒಂದೇ ಸಲ ತಾನೇ" ಅನ್ನೋಕಾಗಲ್ಲ ಅಂತ, ಇದಕ್ಕೇ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2019ರ ಜುಲೈಯಿಂದ 2021ರ ಡಿಸೆಂಬರ್‌ವರೆಗೆ 10ರಿಂದ 19ರ ವಯಸ್ಸಿನವರ ಓವರ್‌ಡೋಸ್ ಸಾವುಗಳನ್ನ ಪರಿಶೀಲಿಸಿದಾಗ ಕಂಡಿದ್ದು: ಸುಮಾರು ಶೇ. 84ರಲ್ಲಿ ಫೆಂಟನಿಲ್ ಇತ್ತು, ಸುಮಾರು ಕಾಲು ಭಾಗದಲ್ಲಿ ನಕಲಿ ಮಾತ್ರೆಯ ಕುರುಹು ಇತ್ತು, ಮೂರರಲ್ಲಿ ಎರಡು ಭಾಗದಷ್ಟು ಸಾವಿನಲ್ಲಿ ಹತ್ತಿರದಲ್ಲಿ ಇನ್ನೊಬ್ಬರು ಯಾರಾದ್ರೂ ಇದ್ರು. ಪಕ್ಕದ ರೂಮಲ್ಲೋ ಅದೇ ರೂಮಲ್ಲೋ. ನಿದ್ದೆ ಮಾಡ್ತಿದ್ದಾನೆ ಅಂದ್ಕೊಳ್ಳೋದು ಸುಲಭ, ಗೊರಕೆ ಥರ ಗರಗರ ಸದ್ದು ಉಸಿರು ಕಟ್ತಿರೋದರ ಲಕ್ಷಣ ಅಂತ ಎಷ್ಟು ಜನಕ್ಕೆ ಗೊತ್ತಿರತ್ತೆ.

ಚಿಕಿತ್ಸೆ ಅಂದ್ರೆ ಒಳಗೆ ಏನ್ ನಡೀಬೇಕು

ಮಿದುಳಲ್ಲಿ ಓಪಿಯಾಯ್ಡ್ ಕೂರೋಕೆ ಅಂತ ಕುರ್ಚಿಗಳಿವೆ ಅಂದ್ಕೊಳ್ಳಿ, ವಿಜ್ಞಾನದಲ್ಲಿ ರಿಸೆಪ್ಟರ್ ಅಂತಾರೆ. ಹೆರಾಯಿನ್, ಫೆಂಟನಿಲ್ ಬಂದು ಆ ಕುರ್ಚಿ ಮೇಲೆ ಕೂತು ಕುಣಿದಾಡ್ತವೆ, ಅದರಿಂದ ಅಮಲು, ಅದರಿಂದಲೇ ಉಸಿರಾಟ ನಿಧಾನ ಆಗೋದು. ಬುಪ್ರೆನಾರ್ಫಿನ್ ಅದೇ ಕುರ್ಚಿಗೆ ಬಂದು ಗಟ್ಟಿಯಾಗಿ ಕೂರತ್ತೆ, ಸ್ವಲ್ಪ ಅಲುಗಾಡತ್ತೆ ಅಷ್ಟೇ, ಅವುಗಳ ಥರ ಕುಣಿಯಲ್ಲ. ಕುರ್ಚಿ ಖಾಲಿ ಇಲ್ಲದ ಕಾರಣ ಮೈ ನಡುಕ, ವಾಂತಿ, ತೆವಲು ಬರಲ್ಲ, ಬೇರೆಯವರು ಬಂದ್ರೂ ಜಾಗ ಸಿಗೋದು ಕಷ್ಟ. ನಲಾಕ್ಸೋನ್ ಅನ್ನೋದು ಮೂರನೇ ಥರ, ಕೂತಿರೋನನ್ನ ತಳ್ಳಿ ತಾನು ಸುಮ್ನೆ ಕೂರತ್ತೆ, ಆದ್ರೆ 30ರಿಂದ 90 ನಿಮಿಷಕ್ಕೆ ಎದ್ದು ಹೋಗತ್ತೆ. ಅದಕ್ಕೇ ನಲಾಕ್ಸೋನ್ ಓವರ್‌ಡೋಸ್‌ನಿಂದ ಎಬ್ಬಿಸೋಕೆ, ಬುಪ್ರೆನಾರ್ಫಿನ್ ಚಟದಿಂದ ಹೊರಗಿಡೋಕೆ.

"ಒಂದು ಚಟ ಬಿಡಿಸೋಕೆ ಇನ್ನೊಂದು ಚಟನಾ?" ಅಂತ ಕೇಳೋರು ಬಹಳ. ದೇಹ ಆ ಮಾತ್ರೆಗೆ ಒಗ್ಗಿಕೊಳ್ಳತ್ತೆ, ಅದು ನಿಜ. ಆದ್ರೆ ಚಟ ಅಂದ್ರೆ ಬರೀ ಒಗ್ಗಿಕೊಳ್ಳೋದಲ್ಲ, ಹಿಡಿತ ತಪ್ಪಿ ಬದುಕು ಹಾಳಾಗ್ತಿದ್ರೂ ನಿಲ್ಲಿಸೋಕಾಗದೇ ಇರೋದು. ದಿನಾ ಇನ್ಸುಲಿನ್ ತಗೊಳ್ಳೋರನ್ನ ಯಾರೂ ಇನ್ಸುಲಿನ್ ಚಟಗಾರ ಅನ್ನಲ್ಲ.

2008ರಲ್ಲಿ ಬಂದ ಒಂದು ಪ್ರಯೋಗದಲ್ಲಿ 15ರಿಂದ 21ರ 152 ಜನರನ್ನ ಎರಡು ಗುಂಪು ಮಾಡಿದ್ರು. ಒಂದು ಗುಂಪಿಗೆ 14 ದಿನದಲ್ಲಿ ಡೋಸ್ ಇಳಿಸಿ ನಿಲ್ಲಿಸೋ ಡಿಟಾಕ್ಸ್, ಇನ್ನೊಂದಕ್ಕೆ 12 ವಾರ ಬುಪ್ರೆನಾರ್ಫಿನ್-ನಲಾಕ್ಸೋನ್, ಇಬ್ಬರಿಗೂ ಕೌನ್ಸೆಲಿಂಗ್ ಇತ್ತು. 12ನೇ ವಾರಕ್ಕೆ ಔಷಧಿ ಮುಂದುವರಿಸಿದ ಗುಂಪಿನಲ್ಲಿ ಶೇ. 70 ಜನ ಚಿಕಿತ್ಸೆಯಲ್ಲೇ ಉಳಿದಿದ್ರು, ಡಿಟಾಕ್ಸ್ ಗುಂಪಿನಲ್ಲಿ ಶೇ. 20ರ ಆಸುಪಾಸು. 8ನೇ ವಾರದ ಮೂತ್ರ ಪರೀಕ್ಷೆಯಲ್ಲಿ ಓಪಿಯಾಯ್ಡ್ ಸಿಕ್ಕಿದ್ದು ಔಷಧಿ ಗುಂಪಿನಲ್ಲಿ ಶೇ. 23, ಡಿಟಾಕ್ಸ್ ಗುಂಪಿನಲ್ಲಿ ಶೇ. 54. ಆದ್ರೆ 9ನೇ ವಾರದಿಂದ ಔಷಧಿ ಗುಂಪಿಗೂ ಡೋಸ್ ಇಳಿಸ್ತಾ ಬಂದ್ರು, 12ನೇ ವಾರಕ್ಕೆ ಅವರಲ್ಲೂ ಅದು ಶೇ. 43ಕ್ಕೆ ಏರಿತ್ತು. ಅಂದ್ರೆ ಔಷಧಿ ಇರೋವರೆಗೆ ಕೆಲಸ ಮಾಡ್ತು, ಬೇಗ ನಿಲ್ಲಿಸಿದ್ರೆ ವಾಪಸ್.

ಇಲ್ಲೊಂದು ಅಪಾಯದ ವಿಷಯ ಇದೆ. ಎರಡು ವಾರ ಎಲ್ಲೋ ಇಟ್ಕೊಂಡು ಬರೀ ಡಿಟಾಕ್ಸ್ ಮಾಡಿ ಕಳಿಸಿದ್ರೆ ಮೈ "ಕ್ಲೀನ್" ಆಗಿರತ್ತೆ, ಅಂದ್ರೆ ತಡ್ಕೊಳ್ಳೋ ಶಕ್ತಿ ಇಳಿದಿರತ್ತೆ, ಹೊರಗೆ ಬಂದು ಹಳೇ ಲೆಕ್ಕದಲ್ಲೇ ತಗೊಂಡ್ರೆ ಅದೇ ಓವರ್‌ಡೋಸ್. ಮನೆಯವರು ಎಲ್ಲಾ ಮುಗೀತು ಅಂತ ಉಸಿರು ಬಿಡೋ ಹೊತ್ತು ನಿಜಕ್ಕೂ ಜಾಸ್ತಿ ರಿಸ್ಕಿನ ಹೊತ್ತು.

ಓಪಿಯಾಯ್ಡ್ ಬಿಟ್ಟು ಬೇರೆ ಪದಾರ್ಥಗಳಿಗೆ, ಅದ್ರಲ್ಲೂ ಗಾಂಜಾಗೆ, ಮಕ್ಕಳಲ್ಲಿ ಮುಖ್ಯವಾಗಿ ಮಾತಿನ ಚಿಕಿತ್ಸೆಗಳೇ. ಅದರಲ್ಲಿ ಮನೆಯವರನ್ನೂ ಜೊತೆ ಕೂರಿಸ್ಕೊಂಡು ಮಾಡೋ ಫ್ಯಾಮಿಲಿ ಥೆರಪಿಗೆ ಒಳ್ಳೇ ಪುರಾವೆ ಇದೆ. ಯೋಚನೆಯ ದಾರಿ ಬದಲಿಸೋ ಸಿಬಿಟಿ, ಬೈಯದೆ ಅವನ ಬಾಯಿಂದಲೇ ಕಾರಣ ಹೊರಡಿಸೋ ಮೋಟಿವೇಷನಲ್ ಇಂಟರ್‌ವ್ಯೂ, ಟೆಸ್ಟ್ ಕ್ಲೀನ್ ಬಂದಾಗ ಚಿಕ್ಕ ಬಹುಮಾನ ಕೊಡೋ ಪದ್ಧತಿ ಇವೂ ಇವೆ. ಖಿನ್ನತೆ, ಆತಂಕ, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ಸಮಸ್ಯೆ) ಜೊತೆಗಿದ್ರೆ ಅದನ್ನೂ ಒಟ್ಟಿಗೇ ನೋಡ್ಬೇಕು, ಮೊದಲು ಚಟ ಬಿಡು ಆಮೇಲೆ ಡಿಪ್ರೆಷನ್ ನೋಡೋಣ ಅಂದ್ರೆ ಎರಡೂ ಆಗಲ್ಲ. ಬಹಳಷ್ಟು ಮಕ್ಕಳಿಗೆ ಅಡ್ಮಿಟ್ ಆಗೋ ಅಗತ್ಯಾನೇ ಇರಲ್ಲ, ಮನೆಯಲ್ಲಿದ್ದು ಬಂದು ಹೋಗಿ ಮಾಡ್ಬಹುದು.

ಹಂಗಾದ್ರೆ ಸಿಗಲ್ಲ ಯಾಕೆ

ಒಂದೇ ಕಾರಣ ಇದ್ದಿದ್ರೆ ಇಷ್ಟೊತ್ತಿಗೆ ಸರಿ ಹೋಗಿರ್ತಿತ್ತು. ಹ್ಯಾಡ್‌ಲ್ಯಾಂಡ್ ಮತ್ತೆ ಸಂಗಡಿಗರು 2017ರಲ್ಲಿ ಇನ್ಶೂರೆನ್ಸ್ ದಾಖಲೆ ತೆಗೆದು, ಓಪಿಯಾಯ್ಡ್ ಚಟ ಇದೆ ಅಂತ ಡಾಕ್ಟರ್ ಬರೆದಿದ್ದ 13ರಿಂದ 25ರ ಸುಮಾರು 21,000 ಜನರಲ್ಲಿ ಎಷ್ಟು ಜನಕ್ಕೆ ಆರು ತಿಂಗಳೊಳಗೆ ಔಷಧಿ ಸಿಕ್ತು ಅಂತ ನೋಡಿದ್ರು. 21ರಿಂದ 25ರವರಲ್ಲಿ ಶೇ. 30, 16-17ರವರಲ್ಲಿ ಶೇ. 10ಕ್ಕೂ ಸ್ವಲ್ಪ ಕಮ್ಮಿ, 13ರಿಂದ 15ರವರಲ್ಲಿ ಶೇ. 1.4. ವಯಸ್ಸು ಇಳಿದಷ್ಟೂ ಬಾಗಿಲು ಮುಚ್ಚಿದೆ.

ಕಾನೂನು ಒಂದು ಅಡ್ಡಿ ಆಗಿತ್ತು. ಅಮೆರಿಕದಲ್ಲಿ ಬುಪ್ರೆನಾರ್ಫಿನ್‌ಗೆ 2002ರಲ್ಲಿ ಒಪ್ಪಿಗೆ ಸಿಕ್ತು, 16 ವರ್ಷ ಆದವರಿಗೂ ಕೊಡಬಹುದು ಅಂತಿತ್ತು, ಆದ್ರೆ ಬರೆದುಕೊಡೋ ಡಾಕ್ಟರ್‌ಗೆ ಬೇರೆ ಟ್ರೈನಿಂಗು, ಬೇರೆ ಪರ್ಮಿಷನ್ನು ಬೇಕಿತ್ತು. ನೋವಿಗೆ ಅಂತ ಅದಕ್ಕಿಂತ ಅಪಾಯದ ಓಪಿಯಾಯ್ಡ್ ಬರೆಯೋಕೆ ಈ ಸ್ಪೆಷಲ್ ಪರ್ಮಿಷನ್ ಬೇಕಿರಲಿಲ್ಲ, ಇದನ್ನ ಬಿಡಿಸೋ ಔಷಧಿಗೆ ಬೇಕಿತ್ತು. ಮಕ್ಕಳ ಡಾಕ್ಟರ್‌ಗಳಲ್ಲಿ ಆ ಪರ್ಮಿಷನ್ ತಗೊಂಡೋರು ಬೆರಳೆಣಿಕೆ. ಅವರದೇ ಸಂಘ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 2016ರಲ್ಲೇ ಹದಿಹರೆಯದವರಿಗೂ ಔಷಧಿ ಕೊಡಿ ಅಂತ ಶಿಫಾರಸು ಮಾಡಿತ್ತು. ಆ ನಿಯಮವನ್ನ ತೆಗೆದಿದ್ದು 2022ರ ಡಿಸೆಂಬರ್‌ನಲ್ಲಿ.

ನಿಯಮ ಹೋದ್ರೂ ಅಭ್ಯಾಸ ಹೋಗಲ್ಲ. ಮಕ್ಕಳ ಡಾಕ್ಟರ್‌ಗೆ ಚಟದ ಬಗ್ಗೆ ಕಲಿಸಿರಲ್ಲ, ಚಟದ ಡಾಕ್ಟರ್‌ಗೆ ಮಕ್ಕಳನ್ನ ನೋಡಿ ಗೊತ್ತಿರಲ್ಲ, ಮಧ್ಯದಲ್ಲಿ ಹುಡುಗ. ಔಷಧಿನೇ ಬೇಡ, ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಸಾಕು ಅನ್ನೋ ನಂಬಿಕೆ ಮೇಲೆ ನಡೆಯೋ ಸೆಂಟರ್‌ಗಳೂ ಬಹಳ ಇವೆ. ದುಡ್ಡಿನ ಕಥೆ ಮೇಲೇ ಹೇಳಿದೆ. ಆಮೇಲೆ ಮಾನ ಮರ್ಯಾದೆ, ಅಕ್ಕಪಕ್ಕದವರಿಗೆ ಗೊತ್ತಾದ್ರೆ ಅನ್ನೋ ಭಯ ಮನೆಯವರಿಗೆ, ಮನೆಯವರಿಗೆ ಗೊತ್ತಾದ್ರೆ ಅನ್ನೋ ಭಯ ಮಗುವಿಗೆ. ಡಾಕ್ಟರ್ ಹತ್ರ ಹೇಳಿದ್ದು ಗುಟ್ಟಾಗಿರತ್ತಾ, ಅಪ್ಪ ಅಮ್ಮನ ಸಹಿ ಇಲ್ಲದೆ ಚಿಕಿತ್ಸೆ ಕೊಡ್ತಾರಾ ಅನ್ನೋದು ಒಂದೊಂದು ಕಡೆ ಒಂದೊಂದು ಥರ, ಅದೇ ಗೊಂದಲದಲ್ಲಿ ಎಷ್ಟೋ ಮಕ್ಕಳು ಬಾಯೇ ಬಿಡಲ್ಲ.

ಇದು ಒಂದು ದೇಶದ ಸಮಸ್ಯೆ ಅಂತಲೂ ಅಲ್ಲ. ವಿಶ್ವಸಂಸ್ಥೆಯ ಡ್ರಗ್ಸ್ ವಿಭಾಗದ 2024ರ ವರದಿ ಪ್ರಕಾರ ಜಗತ್ತಿನಲ್ಲಿ ಡ್ರಗ್ಸ್ ಕಾಯಿಲೆ ಇರೋರು ಸುಮಾರು 6.4 ಕೋಟಿ, ಅವರಲ್ಲಿ ಚಿಕಿತ್ಸೆ ಸಿಕ್ಕಿರೋದು 11 ಜನಕ್ಕೆ ಒಬ್ಬರಿಗೆ. ಇದು ಎಲ್ಲಾ ವಯಸ್ಸಿನವರನ್ನ ಸೇರಿಸಿದ ಲೆಕ್ಕ.

ಶುರುವಾಗದ ಹಾಗೆ ತಡೆಯೋದು?

ಹೆದರಿಸಿದ್ರೆ ಆಗತ್ತೆ ಅಂತ ಬಹಳ ವರ್ಷ ನಂಬಿದ್ರು. 1983ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಶುರುವಾದ ಡೇರ್ ಅನ್ನೋ ಕಾರ್ಯಕ್ರಮದಲ್ಲಿ ಪೊಲೀಸರು ಕ್ಲಾಸಿಗೆ ಬಂದು ಪಾಠ ಮಾಡ್ತಿದ್ರು, ಸಿಕ್ಕಾಪಟ್ಟೆ ಜನಪ್ರಿಯ ಆಯ್ತು, ಆಮೇಲೆ ಅಧ್ಯಯನ ಮೇಲೆ ಅಧ್ಯಯನ ಮಾಡಿ ನೋಡಿದ್ರೆ ಮಕ್ಕಳ ಬಳಕೆಯಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಇರಲಿಲ್ಲ.

ಐಸ್‌ಲ್ಯಾಂಡ್ ಬೇರೆ ದಾರಿ ಹಿಡೀತು. ಮಕ್ಕಳಿಗೆ ಬುದ್ಧಿ ಹೇಳೋದಕ್ಕಿಂತ ಸುತ್ತಲಿನ ಜಾಗ ಬದಲಾಯಿಸೋಣ ಅಂತ, ಆಟ ಸಂಗೀತ ಕ್ಲಾಸಿಗೆ ಸರ್ಕಾರದ ದುಡ್ಡು, ರಾತ್ರಿ ಮಕ್ಕಳು ಹೊರಗಿರೋಕೆ ಟೈಮ್ ಮಿತಿ, ಜಾಹೀರಾತು ನಿಷೇಧ, ಅಪ್ಪ ಅಮ್ಮಂದಿರು ಒಟ್ಟಿಗೆ ಸೇರಿ ನಿಯಮ ಒಪ್ಪಿಕೊಳ್ಳೋದು, ಜೊತೆಗೆ ಪದೇ ಪದೇ ಸಮೀಕ್ಷೆ ಮಾಡಿ ಆಯಾ ಶಾಲೆಗೇ ಫಲಿತಾಂಶ ಕೊಡೋದು. 1998ರಲ್ಲಿ 15-16ರ ಮಕ್ಕಳಲ್ಲಿ ಹಿಂದಿನ ತಿಂಗಳು ಕುಡಿದು ಅಮಲೇರಿಸಿಕೊಂಡಿದ್ದವರು ಶೇ. 42, 2016ಕ್ಕೆ ಶೇ. 5. ಆ ಕಾಲದಲ್ಲಿ ಬೇರೆ ಕಡೆಯೂ ಟೀನೇಜ್ ಕುಡಿತ ಇಳೀತಿತ್ತು, ಚಿಕ್ಕ ದೇಶ ಬೇರೆ, ಹಾಗಾಗಿ ಪೂರ್ತಿ ಕ್ರೆಡಿಟ್ ಇದಕ್ಕೇ ಕೊಡೋಕಾಗಲ್ಲ, ಆದ್ರೂ ಇಳಿದ ಪ್ರಮಾಣ ಚಿಕ್ಕದಲ್ಲ.

ಫೋನ್ ಮಾಡೋ ಪರಿಸ್ಥಿತಿ ಬಂದ್ರೆ

ಮೊದಲನೇದು, ಕುಡಿತ ಅಥವಾ ನಿದ್ದೆ ಮಾತ್ರೆ ತುಂಬಾ ದಿನದಿಂದ ದಿನಾ ತಗೋತಿರೋರನ್ನ ಮನೇಲೇ ಕೂಡಿ ಹಾಕಿ ಒಮ್ಮೆಲೇ ನಿಲ್ಲಿಸಬಾರದು, ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು. ಡಾಕ್ಟರ್ ನೋಡ್ಲೇಬೇಕು.

ಎಬ್ಬಿಸಿದ್ರೂ ಏಳ್ತಿಲ್ಲ, ಉಸಿರು ತುಂಬಾ ನಿಧಾನ, ತುಟಿ ಉಗುರು ನೀಲಿ ಆಗ್ತಿದೆ, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟಾಗಿದೆ ಅಂದ್ರೆ ಓಪಿಯಾಯ್ಡ್ ಓವರ್‌ಡೋಸ್ ಇರಬಹುದು. ಆಂಬ್ಯುಲೆನ್ಸ್ ಕರೀರಿ, ನಲಾಕ್ಸೋನ್ ಇದ್ರೆ ಕೊಡಿ, ಉಸಿರಾಡ್ತಿದ್ರೆ ಒಂದು ಪಕ್ಕಕ್ಕೆ ಮಲಗಿಸಿ, ಎದ್ದು ಕೂತ ಅಂತ ಬಿಟ್ಟು ಹೋಗಬೇಡಿ, ಔಷಧಿ ಇಳಿದ ಮೇಲೆ ಮತ್ತೆ ಉಸಿರು ನಿಲ್ಲಬಹುದು. ಅಮೆರಿಕದಲ್ಲಿ 2023ರಿಂದ ನಲಾಕ್ಸೋನ್ ಮೂಗಿನ ಸ್ಪ್ರೇ ಚೀಟಿ ಇಲ್ಲದೇ ಸಿಗತ್ತೆ, ಎಲ್ಲಾ ದೇಶದಲ್ಲಿ ಹಂಗಿಲ್ಲ.

ಸೆಂಟರ್‌ಗೆ ಫೋನ್ ಮಾಡಿದಾಗ ರೂಮ್ ಹೆಂಗಿದೆ, ಗಾರ್ಡನ್ ಇದ್ಯಾ ಅಂತ ಕೇಳೋದಕ್ಕಿಂತ ಇದನ್ನ ಕೇಳಿ: ಈ ವಯಸ್ಸಿನವರಿಗೆ ಬೇರೆ ವ್ಯವಸ್ಥೆ ಇದ್ಯಾ ಅಥವಾ ದೊಡ್ಡವರ ಜೊತೆನೇ ಹಾಕ್ತೀರಾ, ಡಾಕ್ಟರ್ ದಿನಾ ಇರ್ತಾರಾ, ಖಿನ್ನತೆ ಆತಂಕನೂ ನೋಡ್ತೀರಾ, ಮನೆಯವರನ್ನ ಸೇರಿಸ್ಕೊಳ್ತೀರಾ, ಓಪಿಯಾಯ್ಡ್ ಆದ್ರೆ ಬುಪ್ರೆನಾರ್ಫಿನ್ ಕೊಡ್ತೀರಾ, ಮಧ್ಯದಲ್ಲಿ ಮತ್ತೆ ತಗೊಂಡ ಅಂತ ಗೊತ್ತಾದ್ರೆ ಚಿಕಿತ್ಸೆ ಬದಲಾಯಿಸ್ತೀರಾ ಇಲ್ಲ ಹೊರಗೆ ಹಾಕ್ತೀರಾ, ಡಿಸ್ಚಾರ್ಜ್ ಆದ ಮಾರನೇ ದಿನದಿಂದ ಯಾರು ನೋಡ್ಕೋತಾರೆ. ವೇಟಿಂಗ್ ಲಿಸ್ಟ್ ಅಂದ್ರೆ ಹೆಸರು ಬರೆಸಿ, ಆದ್ರೆ ಬೆಡ್ ಸಿಗೋವರೆಗೆ ಸುಮ್ನೆ ಕೂರಬೇಡಿ, ಅದೇ ವಾರ ಒಬ್ಬ ಮನೋವೈದ್ಯರನ್ನೋ ಮಕ್ಕಳ ಡಾಕ್ಟರನ್ನೋ ನೋಡಿ ಹೊರರೋಗಿಯಾಗೇ ಔಷಧಿ ಶುರು ಮಾಡೋಕಾಗತ್ತಾ ಅಂತ ಕೇಳಿ, ಆ 28 ದಿನ ಮಗು ಮನೇಲೇ ಇರತ್ತಲ್ಲ.